ಮೊದಲು ಹತ್ತಿದವನು

“ನಮ್ಮ ಪಾರ್ಕಿನ ರಾಟೆಯ ತುತ್ತತುದಿಗೆ ಹೋದವರಿಗೆ ನಾಳಿನ ಸೂರ್ಯ ಇವತ್ತೇ ಕಾಣ್ತಿದ್ದ,” ಎಂದು ಮೈಕಣ್ಣ ಬಾಮೈದನ ಎಡಗೆನ್ನೆಗೆ ಸೋಪಿನ ನೊರೆ ಹಚ್ಚಿದ. “ಒಬ್ಬ ಗಡಿಯಾರ ರಿಪೇರಿಯವನು ಮೇಲೆ ಹೋದೋನು ನಾಳೆ ಬೆಳಗಿನ ಹೊತ್ತಿಗೆ ಗಡಿಯಾರ ತಿದ್ದಿಕೊಂಡೇ ಇಳಿದ. ಇಳಿದ ಮೇಲೆ ಪಾಪ, ಒಂದಿಡೀ ದಿನ ಅವನಿಗೆ ಮಾಡೋಕೆ ಕೆಲಸವೇ ಇರ್ಲಿಲ್ಲ. ಎಲ್ಲಾ ಆಗ್ಹೋಗಿತ್ತು.”

“ಶುರುವಾಯ್ತಾ ರೈಲು?” ಅಡುಗೆಮನೆಯಿಂದ ಹೆಂಡತಿ ಕೂಗಿದಳು. “ಎಲ್ಲಾದ್ರೂ ಒಂದು ಸ್ಟೇಷನ್ ಇಟ್ಕೊಳ್ಳಿ ಅದಕ್ಕೆ.”

“ನಮ್ಮ ಪಾರ್ಕಿನ ರೈಲಿಗೆ ಬ್ರೇಕೇ ಇಲ್ಲ, ಸ್ಟೇಷನ್ ಎಲ್ಲಿಂದ ತರ್ಲಿ?”

ಬಾಮೈದ ನಕ್ಕ. ಅವನ ನಗು ಈಗ ಕತ್ತಿನಿಂದ ಮೇಲಕ್ಕೆ ಮಾತ್ರ. ಮೊದಲೆಲ್ಲ ನಕ್ಕರೆ ಹೊಟ್ಟೆ ಹಿಡಿದುಕೊಂಡು ಬಾಗಿಲ ಚೌಕಟ್ಟಿಗೆ ಒರಗಿ ಬಿಡುತ್ತಿದ್ದವನು. ಆ ಹೊಟ್ಟೆ, ಆ ಕೈ, ಆ ಕಾಲು ಎಲ್ಲವೂ ಕಿಟಕಿ ಪಕ್ಕದ ಕಬ್ಬಿಣದ ಮಂಚದ ಮೇಲೆ, ಹೊದಿಕೆಯ ಕೆಳಗೆ, ಪರಸ್ಥಳದವರು ಸ್ವಲ್ಪ ಹೊತ್ತು ನೋಡಿಕೊಳ್ಳಿ ಎಂದು ಇಟ್ಟುಹೋದ ಗಂಟಿನಂತೆ ಬಿದ್ದಿದ್ದವು. ಆಸ್ಪತ್ರೆಯವರು ಇನ್ನು ಮಾಡುವುದೇನೂ ಇಲ್ಲ ಎಂದು ಮನೆಗೆ ಕಳಿಸಿದಂದಿನಿಂದ ಪ್ರತಿ ರಜೆಯ ದಿನ ಅವನ ಗಡ್ಡ ತೆಗೆಯುವ ಕೆಲಸ ಮೈಕಣ್ಣನದು. ಒಂದು ಕೆನ್ನೆ ಮುಗಿದ ಮೇಲೆ ಎರಡೂ ಅಂಗೈಯಲ್ಲಿ ತಲೆಯನ್ನು ಹಿಡಿದು, ತುಂಬಿದ ಕೊಡ ತಿರುಗಿಸುವಷ್ಟು ಜೋಪಾನವಾಗಿ, ಇನ್ನೊಂದು ಕಡೆಗೆ ತಿರುಗಿಸಬೇಕು.

“ಭಾವ, ಇವತ್ತಾದ್ರೂ ಹೇಳ್ತೀರಾ?”

“ಏನನ್ನೋ?”

“ಅದೇ. ಎರಡನೇ ತಿರುವಿನಲ್ಲಿ ನೀವು ಕತ್ತನ್ನ ಯಾವ ಕಡೆ ವಾಲಿಸಿದ್ರಿ?”

ಬ್ಲೇಡು ಕಿವಿಯ ಹತ್ತಿರ ನಿಂತಿತು.

ಬಾಮೈದನ ತಲೆಯಲ್ಲಿ ಉಳಿದಿದ್ದುದು ಇದೊಂದೇ ಪ್ರಶ್ನೆ. ಮಲಗಿದಲ್ಲೇ ಅವನು, ತನ್ನನ್ನು ಈ ಮಂಚಕ್ಕೆ ತಂದ ಪಾರ್ಕಿನ ಜಾರುಪೈಪಿನೊಳಗೆ ಸಾವಿರ ಸಲ ಜಾರಿದ್ದ. ಮೊದಲ ತಿರುವು ಸರಿ. ನೀರೂ ಸರಿ. ಎರಡನೆಯದರಲ್ಲಿ ನಾನೇ ಏನೋ ಎಡವಟ್ಟು ಮಾಡಿಕೊಂಡಿದ್ದೇನೆ. ಯಾಕೆಂದರೆ ಅದೇ ಪೈಪಿನಲ್ಲಿ, ಅದೇ ದಿನ ಬೆಳಗ್ಗೆ, ಭಾವ ಇಳಿದು ಹೂವಿನಂತೆ ಹೊರಗೆ ಬಂದಿದ್ದಾರೆ.

“ನಾನು ಬಲಕ್ಕೆ ವಾಲಿಸಿದೆ ಅಂತ ನೆನಪು,” ಎಂದ ಬಾಮೈದ. “ಅದೇ ತಪ್ಪಾಗಿರ್ಬೇಕು. ಇನ್ಸ್‌ಪೆಕ್ಟರ್ ಬಂದಾಗಲೂ ಹಾಗೇ ಹೇಳಿದೆ, ಪೈಪಿಂದೇನೂ ತಪ್ಪಿಲ್ಲ ಸಾರ್, ನಂದೇ ಅಂತ. ಆದ್ರೆ ಇವತ್ತು ಅದನ್ನ ಮತ್ತೆ ತೆರೀತಾರಂತಲ್ಲ. ಹತ್ತೋರಿಗೆ ನೀವು ಮೈಕಿನಲ್ಲಿ ಸರಿಯಾಗಿ ಹೇಳ್ಬೇಕು ಭಾವ. ಇಂಥ ಕಡೆ ವಾಲಿ ಅಂತ. ಇಲ್ಲಾಂದ್ರೆ ಇನ್ನೊಬ್ಬರ ಮನೆಯಲ್ಲಿ ಇನ್ನೊಂದು ಮಂಚ.”

ಮೈಕಣ್ಣನಿಗೆ ತಪ್ಪಿಸಿಕೊಳ್ಳಲು ಗೊತ್ತಿದ್ದುದು ಒಂದೇ ದಾರಿ. ಅದು ಅವನ ಬಾಯಿಯೊಳಗಿಂದಲೇ ಹೋಗುತ್ತಿತ್ತು.

“ಹೇಳ್ತೀನಿ. ಆದ್ರೆ ಬುಡ ಬಿಟ್ಟು ತುದಿ ಹೇಳಿದ್ರೆ ಹೇಗೆ? ಪಾರ್ಕು ಹುಟ್ಟಿದ್ದೇ ನಿನಗೆ ಗೊತ್ತಿಲ್ಲ. ನೀನು ನಿನ್ನೆ ಮೊನ್ನೆ ಬಂದೋನು, ಗೇಟಲ್ಲಿ ಟಿಕೆಟ್ ಹರೀತಿದ್ದೋನು.”

“ಬುಡ ಎಷ್ಟು ಸಲ ಆಯ್ತು ಭಾವ.”

“ಇವತ್ತಿಂದು ಹೊಸ ಬುಡ,” ಎಂದು ಮೈಕಣ್ಣ ಬ್ಲೇಡನ್ನು ನೀರಿನ ಬಟ್ಟಲಲ್ಲಿ ಅದ್ದಿದ.

ಬಾಯಿದ್ದವನು ಬರಗಾಲದಲ್ಲೂ ಬದುಕಿದ ಎನ್ನುತ್ತಾರಲ್ಲ, ಪಾರ್ಕಿನ ಮೈಕು ಹಿಡಿದ ಮೈಕಣ್ಣ ಬರಗಾಲವನ್ನೇ ಮಳೆಗಾಲ ಎಂದು ಮಾರಿ ಬಂದವನು. ಪಾರ್ಕಿನ ಧಣಿ ಮೂಲತಃ ಗುಜರಿಯವನು. ಊರಾಚೆಯ ಹಳೆಯ ಕಲ್ಲುಕ್ವಾರಿಯನ್ನು ಗುಜರಿ ಸುರಿಯಲೆಂದು ಹಿಡಿದ. ಹೊಂಡಕ್ಕೆ ನೀರು ನಿಂತಿತು, ನೀರಿನ ಮೇಲೆ ಖಾಲಿ ಡ್ರಮ್ಮು ತೇಲಿದವು, ಡ್ರಮ್ಮಿನ ಮೇಲೆ ಬಿಡುವಿನ ದಿನ ಜನ ಹತ್ತಿ ಕುಣಿದರು. ಧಣಿಗೆ ಜ್ಞಾನೋದಯವಾದದ್ದು ಅಲ್ಲಿ: ತೂಕದ ಲೆಕ್ಕದಲ್ಲಿ ಹೋಗಬೇಕಾದ ಕಬ್ಬಿಣಕ್ಕೆ ಒಂದು ಕುರ್ಚಿ ಕಟ್ಟಿ ಸುತ್ತಿಸಿದರೆ ಅದು ಗುಜರಿಯಲ್ಲ, ಆನಂದ. ಹಿಟ್ಟಿನ ಗಿರಣಿಯ ಚಕ್ರಗಳು ರಾಟೆಯಾದವು. ಮುರಿದ ಲಿಫ್ಟಿನ ಸರಪಳಿ ಗಾಳಿಯಲ್ಲಿ ಸುತ್ತುವ ತೂಗುಕುರ್ಚಿಗೆ ಬಂತು. ಹುಲ್ಲು ಕತ್ತರಿಸುವ ಯಂತ್ರಗಳು ದೋಣಿಗೆ ಸೇರಿ, ಹುಲ್ಲು ಸಿಗದ ಸಿಟ್ಟಿಗೆ ನೀರನ್ನೇ ಕತ್ತರಿಸಿದವು.

“ಹೊಂಡಕ್ಕೆ ತಳವೇ ಇರ್ಲಿಲ್ಲ,” ಎಂದ ಮೈಕಣ್ಣ. “ಒಬ್ಬಳು ಬಳೆ ಬೀಳಿಸಿದಳು. ಇವತ್ತಿಗೂ ಕಿವಿಗೊಟ್ಟು ಕೇಳಿದ್ರೆ ಅದು ಇನ್ನೂ ಬೀಳ್ತಾನೇ ಇದೆ. ಜೀವ ಕಾಯೋಕೆ ಅಂತ ದಡದಲ್ಲಿ ಒಬ್ಬನ್ನ ಕೂರಿಸಿದ್ವಿ, ನೋಡಿದ್ದೀಯಲ್ಲ, ಸೀಟಿಯವನು. ಅವನ ಸೀಟಿಗೆ ಮೀನು ಬಂದು ಸಾಲಾಗಿ ನಿಲ್ತಿದ್ವು. ಅವನಿಗೆ ಈಜೊಂದು ಬಿಟ್ಟು ಮಿಕ್ಕಿದ್ದೆಲ್ಲಾ ಬರ್ತಿತ್ತು.”

“ಈಜು ಬರ್ತಿರ್ಲಿಲ್ವಾ?”

“ಬಂದಿದ್ರೆ ನೀರಿಗಿಳೀತಿದ್ದ. ನೀರಿಗಿಳಿದ್ರೆ ದಡ ಕಾಯೋರು ಯಾರು?”

ಬಾಮೈದನ ಗಂಟಲಿನಿಂದ ಕಿಸಕ್ಕೆಂದು ಸದ್ದು ಬಂತು. ಡ್ರಮ್ಮಿನ ದೋಣಿಯಿಂದ ಜಾರಿದ ಒಬ್ಬ ನಿವೃತ್ತ ಮೇಷ್ಟ್ರು ಮೇಲೆ ಬರಲೇ ಇಲ್ಲ, ಸೀಟಿಯವನು ತನ್ನ ಉಸಿರು ಮುಗಿಯುವವರೆಗೆ ಸೀಟಿ ಊದುತ್ತಲೇ ನಿಂತಿದ್ದ ಎಂಬುದು ಈ ಕಥೆಯಲ್ಲಿ ಬರುತ್ತಿರಲಿಲ್ಲ. ಮೈಕಣ್ಣ ಅವತ್ತು ಮೈಕಿನಲ್ಲಿ, ‘ಇದೋ ನೋಡಿ, ಉಸಿರು ಬಿಗಿಹಿಡಿಯುವ ಸ್ಪರ್ಧೆ!’ ಎಂದು ಕೂಗಿದ್ದ. ದಡದಲ್ಲಿದ್ದವರು ಮನಸಾರೆ ಚಪ್ಪಾಳೆ ತಟ್ಟಿದ್ದರು. ಅವನ ಕೆಲಸವೇ ಅದು. ಎಲ್ಲಿ ಏನು ಮುರಿದರೂ ಅದು ಮುರಿದದ್ದಲ್ಲ, ಕಾರ್ಯಕ್ರಮದ ಭಾಗ ಎಂದು ಜನಕ್ಕೆ ಅನ್ನಿಸಬೇಕು. ರಾಟೆ ನಡುವಲ್ಲಿ ನಿಂತು ಮೋಟರಿನಿಂದ ಹೊಗೆ ಬಂದರೆ, ‘ಮೇಲಿರುವ ಪುಣ್ಯವಂತರಿಗೆ ಪುಕ್ಕಟೆ ಮೋಡದರ್ಶನ!’ ಡಿಕ್ಕಿ ಹೊಡೆದಾಡುವ ಕಾರುಗಳ ಚುಕ್ಕಾಣಿ ಮುಟ್ಟಿದವರಿಗೆ ಕರೆಂಟು ಹೊಡೆದರೆ, ‘ಕೀಲುನೋವಿಗೆ ವಿದ್ಯುತ್ ಚಿಕಿತ್ಸೆ, ಬೇರೆ ಕಡೆ ಇದಕ್ಕೆ ವೈದ್ಯರು ಬೇಕು!’ ಮರುದಿನ ಊರಿನ ಅಜ್ಜಿಯರೆಲ್ಲ ಮೊಣಕಾಲು ಹಿಡಿದುಕೊಂಡು ಕಾರಿನ ಸಾಲಿಗೆ ನಿಂತಿದ್ದರು.

ಒಂದೇ ಒಂದು ಸಲ ಅವನು ನಿಜ ಹೇಳಿ ನೋಡಿದ್ದುಂಟು. ತೂಗುಕುರ್ಚಿಯ ಸರಪಳಿಯಲ್ಲಿ ಒಂದು ಕೊಂಡಿ ಬಾಯಿಬಿಟ್ಟಿದ್ದು ಕಣ್ಣಿಗೆ ಬಿದ್ದು, ‘ದಯವಿಟ್ಟು ಯಾರೂ ಹತ್ತಬೇಡಿ, ಸರಪಳಿ ಬಿಡ್ತಾ ಇದೆ’ ಎಂದ. ಜನ ಹೋ ಎಂದು ನಕ್ಕರು. ಇವನ ಮಾತಿನ ಮೋಡಿ ನೋಡು ಎಂದರು. ಸಾಲು ಎರಡರಷ್ಟಾಯಿತು. ಅವತ್ತು ಯಾರೂ ಬೀಳಲಿಲ್ಲ. ಅದರಿಂದ ಮೈಕಣ್ಣ ಕಲಿಯಬೇಕಾದುದನ್ನು ಕಲಿಯಲಿಲ್ಲ, ನಿಜ ಹೇಳಿ ಉಪಯೋಗವಿಲ್ಲ ಎಂದಷ್ಟೇ ಕಲಿತ.

“ರೀ, ಚಹಾ ಆಗ್ತಾ ಇದೆ. ಅಷ್ಟರಲ್ಲಿ ಒಂದು ಕೆನ್ನೆಯಾದ್ರೂ ಮುಗಿಸ್ತೀರಾ?” ಎಂದಳು ಹೆಂಡತಿ. “ಗಂಟಲು ಕೂತಿದೆ ಅಂತ ರಜ ಹಾಕಿದ್ರಿ. ಕೂತ ಗಂಟಲು ಬೆಳಗ್ಗೆಯಿಂದ ಒಂದು ಗಳಿಗೆ ಕೂತಿಲ್ಲ.”

ಬಾಮೈದ ಕಣ್ಣನ್ನು ಭಾವನ ಕಡೆ ಹೊರಳಿಸಿದ. “ನಿಜವಾಗ್ಲೂ ಯಾಕೆ ರಜ ಹಾಕಿದ್ರಿ ಭಾವ? ಇವತ್ತು ಹೊಸದಾಗಿ ತೆರೆಯೋ ದಿನ.”

“ನಿನ್ನ ಗಡ್ಡ ನೋಡೋಕಾಗ್ಲಿಲ್ಲ. ಗುಬ್ಬಿ ಗೂಡು ಕಟ್ಟೋ ಹಾಗಾಗಿತ್ತು.”

ತೂಗುಕುರ್ಚಿ ಮೊದಲು ಬಂದಾಗ ಹತ್ತಲು ಯಾರಿಗೂ ಧೈರ್ಯವಿರಲಿಲ್ಲ. ಜನ ಕತ್ತೆತ್ತಿ ನೋಡುವುದು, ಹಿಂದೆ ಸರಿಯುವುದು. ಧಣಿ ಬೆವರಿದ. ಆಗ ಮೈಕಣ್ಣನ ಬಾಯಿಯಿಂದ ಆ ಮಾತು ತಾನಾಗಿ ಬಿತ್ತು: ‘ಇವತ್ತು ಬೆಳಗ್ಗೆ, ಕಾಗೆ ಏಳೋಕೆ ಮುಂಚೆ, ನಾನೇ ಮೊದಲು ಹತ್ತಿ ಇಳಿದೆ. ಇಳಿದವನೇ ಮತ್ತೆ ಹತ್ತೋಕೆ ಓಡಿದೆ. ಧಣಿ ಹಗ್ಗ ಹಾಕಿ ಕಟ್ಟಿಹಾಕಬೇಕಾಯ್ತು!’ ಅಷ್ಟೇ ಸಾಕಾಯಿತು. ಜನ ನುಗ್ಗಿದರು. ಅಂದಿನಿಂದ ಅದು ಪಾರ್ಕಿನ ಕಟ್ಟಳೆಯೇ ಆಯಿತು. ಹೊಸದು ಯಾವುದು ಬಂದರೂ ಮೊದಲ ಸವಾರ ಮೈಕಣ್ಣ. ಬೇರೆ ಪಾರ್ಕುಗಳಲ್ಲಿ ಎಂಜಿನಿಯರು ಬಂದು ಬೋಲ್ಟು ತಟ್ಟಿ ನೋಡುತ್ತಾನಂತೆ. ಇಲ್ಲಿ ಇನ್ಸ್‌ಪೆಕ್ಟರೂ ಬಂದು, “ಏನಪ್ಪಾ, ನೀನು ಹತ್ತಿದೆಯಾ?” ಎಂದು ಕೇಳಿ, ಹತ್ತಿದೆ ಎಂದರೆ ಎಳನೀರು ಕುಡಿದಷ್ಟು ತಂಪಾಗಿ ಹೊರಟುಹೋಗುತ್ತಿದ್ದ.

ಮೈಕಣ್ಣ ಮಾತ್ರ ಯಾವುದನ್ನೂ ಹತ್ತಿರಲಿಲ್ಲ. ಬಲ್ಬು ಬದಲಿಸಲು ಸ್ಟೂಲು ಹತ್ತಿದರೂ ಅವನಿಗೆ ತಲೆ ಸುತ್ತುತ್ತಿತ್ತು. ಈ ಮನೆಯಲ್ಲಿ ಬಲ್ಬು ಹಾಕುತ್ತಿದ್ದುದು ಬಾಮೈದ. ಹತ್ತುತ್ತಿದ್ದವನು ಚಿಕ್ಕಪ್ಪ.

ಚಿಕ್ಕಪ್ಪನೆಂದರೆ ಮರಳು ತುಂಬಿದ ಚೀಲ. ಆಳೆತ್ತರ, ಆಳುತೂಕ. ಕಾಂಪೌಂಡಿನಾಚೆಯಿಂದ ಇಣುಕುವವರಿಗೆ ಮನುಷ್ಯನೇ ಕಾಣಬೇಕೆಂದು ಅದಕ್ಕೆ ಮೈಕಣ್ಣನ ನೀಲಿ ಅಂಗಿ ತೊಡಿಸಿ, ಮೇಲೊಂದು ಹಳೆಯ ಫುಟ್ಬಾಲ್ ಚೆಂಡು ಕಟ್ಟಿ ಟೋಪಿ ಹಾಕುತ್ತಿದ್ದರು. ಗುಟ್ಟು ಬಲ್ಲವರು ಒಬ್ಬರಿಗೊಬ್ಬರು ಎದುರಾದಾಗ, “ಚಿಕ್ಕಪ್ಪ ಹೋಗಿಬಂದ್ರಾ? ಕ್ಷೇಮವಾ?” ಎಂದು ವಿಚಾರಿಸಿಕೊಳ್ಳುತ್ತಿದ್ದರು. ಚೀಲ ಹರಿಯದೆ ಬಂದರೆ ಆಟ ಪಾಸು. ಚಿಕ್ಕಪ್ಪನ ಗುಟ್ಟು ಗೊತ್ತಿದ್ದವರು ಧಣಿ, ವೆಲ್ಡಿಂಗಿನವನು, ಸೀಟಿಯವನು, ಮೈಕಣ್ಣ, ಇಷ್ಟೇ ಜನ. ಗೇಟಿನಲ್ಲಿ ಟಿಕೆಟ್ ಹರಿಯುವವನಿಗೆ ದೂರದಿಂದ ನೀಲಿ ಅಂಗಿ ಕಾಣುತ್ತಿತ್ತು. ಅವನು ಸಂಜೆ ಮನೆಗೆ ಬಂದು, “ಅಕ್ಕಾ, ಇವತ್ತು ಭಾವನ್ನ ನೋಡ್ಬೇಕಿತ್ತು ನೀನು!” ಎನ್ನುತ್ತಿದ್ದ. ಅಕ್ಕ ಬಾಯಲ್ಲಿ ಬೈದುಕೊಂಡು ತಟ್ಟೆಗೆ ಒಂದು ಸೌಟು ಹೆಚ್ಚು ಬಡಿಸುತ್ತಿದ್ದಳು. ಮೈಕಣ್ಣ ಉಣ್ಣುತ್ತಿದ್ದ. ಅನ್ನದ ಮೇಲೆ ಬಿದ್ದ ಮೆಚ್ಚುಗೆಯನ್ನು ಬೇಡವೆನ್ನುವುದು ಹೇಗೆ?

ಕೊನೆಗೆ ಬಂದದ್ದು ಜಾರುಪೈಪು. ಯಾವುದೋ ಕಾರ್ಖಾನೆ ಮುಚ್ಚಿದಾಗ ಸಿಕ್ಕಿದ ದೊಡ್ಡ ಪ್ಲಾಸ್ಟಿಕ್ ಕೊಳವೆಗಳು. ಕಡುಕೆಂಪು ಬಣ್ಣ, ಹೊರಗಿನಿಂದ ನೋಡಿದರೆ ಕಪ್ಪೇ. ಮೇಲಿನಿಂದ ಇಳಿದು, ಒಂದು ತಿರುವು ತಿರುಗಿ, ಎರಡನೆಯ ಕಡೆ ಕುಣಿಕೆಯಂತೆ ಪೂರ್ತಿ ತಲೆಕೆಳಗಾಗಿ ಸುತ್ತಿ ಹೊರಬರಬೇಕು. ವೆಲ್ಡಿಂಗಿನವನು ನೆಲದ ಮೇಲೆ ಕಡ್ಡಿಯಲ್ಲಿ ಗೀಚಿ, ಅದನ್ನೇ ನೋಡಿಕೊಂಡು ಕಟ್ಟಿದ್ದ. ಮೈಕಣ್ಣ ಅದಕ್ಕೆ ‘ಕಾರ್ಗತ್ತಲು’ ಎಂದು ಹೆಸರಿಟ್ಟ. ತೆರೆಯುವ ದಿನ ಬೆಳಗ್ಗೆ ಧಣಿಗೆ ಒಂದು ಹೊಸ ಆಸೆ ಹುಟ್ಟಿತು: ಜನ ನೋಡುತ್ತಿರುವಂತೆಯೇ ಒಬ್ಬ ಇಳಿಯಬೇಕು. ಮೈಕಣ್ಣ ಮೈಕು ಬಿಡುವಂತಿಲ್ಲ. “ಯಾರು ಬರ್ತೀರಿ?” ಎಂದು ಧಣಿ ಕೇಳಿ ಮುಗಿಸುವ ಮೊದಲೇ ಬಾಮೈದ ಅಂಗಿ ಬಿಚ್ಚಿಯಾಗಿತ್ತು. “ಭಾವನೇ ಹತ್ತಿದಾರೆ, ನಂಗೇನು ಭಯ?” ಎಂದು ಮೈಕಿನ ಕಡೆಗೆ ಕೈ ಬೀಸಿ ಮೆಟ್ಟಿಲು ಹತ್ತಿದ್ದ. ಮೈಕಣ್ಣನ ಕೈಯಲ್ಲಿ ಮೈಕಿತ್ತು. ಬಾಯಿ ಇತ್ತು. ಇಡೀ ಜೀವಮಾನದಲ್ಲಿ ಅದು ಸುಮ್ಮನಿದ್ದುದು ಆಗ ಮಾತ್ರ.

ಬಾಮೈದ ಕತ್ತು ಮುರಿದುಕೊಂಡು ಹೊರಬಂದ ಬಳಿಕ ಆ ಪೈಪಿನಲ್ಲಿ ಯಾರೂ ಇಳಿದಿರಲಿಲ್ಲ. ಇವತ್ತು ಇಳಿಯುವವರಿದ್ದರು.

ನಿನ್ನೆ ಸಂಜೆ ಮೈಕಣ್ಣ ಧಣಿಯ ಕೋಣೆಗೆ ಹೋಗಿದ್ದ. ಧಣಿ ಸುತ್ತುಕುದುರೆಯಿಂದ ಮುರಿದುಬಂದ ಒಂದು ಮರದ ಕುದುರೆಯ ಮೇಲೆ ಕಾಲು ಚಾಚಿ ಕೂತಿದ್ದ.

“ಧಣಿ, ಅದೊಂದನ್ನ ತೆರೀಬೇಡಿ.”

“ಯಾಕಪ್ಪಾ? ನೀನೇ ಹತ್ತಿ ಇಳಿದಿದ್ದೀಯ. ಊರಿಗೆ ಊರೇ ಕೇಳಿದೆ. ಇನ್ಸ್‌ಪೆಕ್ಟರ್ ಎದುರಿಗೂ ಹೇಳಿದ್ದೀಯ.”

“ನಿಮಗೆ ಗೊತ್ತಲ್ಲ ಧಣಿ.”

“ನಂಗೇನು ಗೊತ್ತು? ನಾನು ಗುಜರಿಯವನು, ತೂಕ ಗೊತ್ತು ಅಷ್ಟೇ.” ಧಣಿ ಕುದುರೆಯ ಕಿವಿ ಸವರಿದ. “ನಿನ್ನ ಬಾಮೈದನೇ ಒಪ್ಪಿಕೊಂಡಿದ್ದಾನೆ, ತಪ್ಪು ಕಡೆ ವಾಲಿಸಿದೆ ಅಂತ. ಒಳ್ಳೇ ಹುಡುಗ. ನೀನು ಹತ್ತಿಲ್ಲ ಅಂತೀಯಾದ್ರೆ ಹೇಳು, ಇಬ್ರೂ ಕೂಡಿ ಜೈಲಿಗೆ ಹೋಗೋಣ. ಅಲ್ಲಿ ಮೈಕಿರಲ್ಲ ನೋಡು. ನೀನು ಬದುಕೋದು ಕಷ್ಟ.”

ಮೈಕಣ್ಣ ಗಂಟಲು ಹಿಡಿದುಕೊಂಡು, ನಾಳೆ ಬರಲಾಗುವುದಿಲ್ಲ, ಧ್ವನಿ ಹೋಗಿದೆ ಎಂದ. ಧಣಿ ನಕ್ಕು, “ನಿನ್ನ ಧ್ವನಿ ನಮ್ಮ ಹತ್ರ ಇದೆಯಲ್ಲ,” ಎಂದ.

ಗಾಳಿ ತಿರುಗಿತು. ರಸ್ತೆಯಾಚೆಯಿಂದ, ಮನೆಗಳ ಸಾಲಿನ ಹಿಂದಿನಿಂದ, ಕರಕರ ಎಂದು ಶುರುವಾಗಿ ಸ್ಪಷ್ಟವಾಗುತ್ತ ಧ್ವನಿವರ್ಧಕದ ಮಾತು ಕಿಟಕಿಯೊಳಗೆ ಬಂತು.

‘ಮಹನೀಯರೇ, ಮಹಿಳೆಯರೇ, ಕಾರ್ಗತ್ತಲು! ಕಾರ್ಗತ್ತಲು! ಇವತ್ತು ಬೆಳಗ್ಗೆ, ಕಾಗೆ ಏಳೋಕೆ ಮುಂಚೆ, ನಾನೇ ಮೊದಲು ಹತ್ತಿ ಇಳಿದೆ…’

“ನೀವು ಇಲ್ಲೂ ಇದ್ದೀರಿ, ಅಲ್ಲೂ ಇದ್ದೀರಿ ಭಾವ,” ಎಂದು ಬಾಮೈದ ನಕ್ಕ.

“ಟೇಪು ಕಣೋ. ಹಳೇದು. ಅವತ್ತಿಂದು.”

“ಅವತ್ತಿಂದೇ ಹಾಕಿಬಿಟ್ಟಿದ್ದಾರೆ. ಅದ್ರಲ್ಲಿ ಕತ್ತಿನ ವಿಷಯ ಇಲ್ವಲ್ಲ!” ಅವನ ಹಣೆಯ ನರ ಎದ್ದಿತು. ಏಳಬೇಕೆಂದು ದೇಹಕ್ಕೆ ಅಪ್ಪಣೆ ಕಳಿಸುವಾಗ ಅವನ ಮುಖ ಹಾಗಾಗುತ್ತಿತ್ತು. ಅಪ್ಪಣೆ ಕತ್ತಿನವರೆಗೆ ಹೋಗಿ ವಾಪಸು ಬರುತ್ತಿತ್ತು. “ಹೇಳಿ ಭಾವ, ಬೇಗ ಹೇಳಿ. ಅಕ್ಕನ್ನ ಕಳಿಸೋಣ, ಹೋಗಿ ಹೇಳ್ತಾಳೆ. ಎಡಕ್ಕಾ, ಬಲಕ್ಕಾ?”

“ಎಡಕ್ಕೆ,” ಎಂದುಬಿಟ್ಟ ಮೈಕಣ್ಣ.

ಅಂದ ಮೇಲೆ ನಿಲ್ಲುವುದು ಅವನಿಂದಾಗಲಿಲ್ಲ. ಅಷ್ಟು ವರ್ಷ ಓಡಿದ ಬಾಯಿ, ಬ್ರೇಕಿಲ್ಲದ ಬಾಯಿ. “ಎಡಕ್ಕೆ ವಾಲಿಸಿ, ಗದ್ದ ಎದೆಗೆ ಒತ್ತಿ ಹಿಡಿದೆ. ಆದ್ರೆ ಎಡ ಯಾವುದು ಬಲ ಯಾವುದು ಅಂತ ಗೊತ್ತಾದ್ರೆ ತಾನೆ? ಆ ಕತ್ತಲು ನೋಡು, ಎಂಥ ಕತ್ತಲು! ಕತ್ತಲಿಗೇ ಕಣ್ಣು ಕಾಣದಂಥ ಕತ್ತಲು. ನನ್ನ ಕೈಯನ್ನ ನಾನೇ ಮುಟ್ಟಿ ‘ಯಾರದು?’ ಅಂದೆ. ‘ನಾನೇ’ ಅಂತು. ಯಾವ ನಾನು ಅಂತ ಕೇಳೋ ಹೊತ್ತಿಗೆ ಹೊರಗೆ ಬಂದುಬಿಟ್ಟಿದ್ದೆ.”

ಬಾಮೈದ ನಗಲಿಲ್ಲ.

“ಕತ್ತಲಿತ್ತಾ ಭಾವ?”

“ಹೆಸರೇ ಕಾರ್ಗತ್ತಲಲ್ವೇನೋ.”

“ಹೆಸರು ನೀವಿಟ್ಟಿದ್ದು.”

ಟೇಪು ದೂರದಲ್ಲಿ ಇನ್ನೇನೋ ಕೂಗುತ್ತಿತ್ತು. ಬಾಮೈದ, ಚಿಕ್ಕ ಮಕ್ಕಳಿಗೆ ಏನನ್ನೋ ಮಾಡಿ ತೋರಿಸಲು ಹೇಳುವವನಂತೆ ಮೆಲ್ಲಗೆ, “ಭಾವ, ಕೈ ಎತ್ತಿ,” ಎಂದ. “ಬ್ಲೇಡು ಕೆಳಗಿಡಿ. ಕಿಟಕಿ ಕಡೆ ಎತ್ತಿ. ಬಿಸಿಲಿಗೆ ಅಡ್ಡ ಹಿಡೀರಿ. ಬೆರಳು ಕೂಡಿಸಿ.”

ಮೈಕಣ್ಣ ಹಿಡಿದ.

“ಬೆರಳ ಸಂದಿ ಏನು ಬಣ್ಣ?”

“ಕೆಂಪು.”

“ಒಳಗೆ ಹಾಗಿತ್ತು. ಪೂರ್ತಿ ಹಾಗೇ. ಹೊರಗಿಂದ ಕಪ್ಪು ಕಾಣುತ್ತೆ ಅಷ್ಟೇ. ಒಳಗೆ ಬಿಸಿಲು ಇಳೀತಿತ್ತು. ನೀರೂ ಕೆಂಪು, ನನ್ನ ಹೊಟ್ಟೆಯೂ ಕೆಂಪು.” ಅವನ ಧ್ವನಿಯಲ್ಲಿ ಸಿಟ್ಟಿರಲಿಲ್ಲ, ಚೆಂದದ ಊರೊಂದನ್ನು ನೆನೆದವನಂತಿದ್ದ. “ಕಾಲ್ಬೆರಳೆಲ್ಲ ಚೆನ್ನಾಗಿ ಕಾಣ್ತಿತ್ತು ಭಾವ. ಅಲ್ಲಾಡಿಸಿ ನೋಡಿದೆ. ಕೊನೇ ಸಲ ಅಲ್ಲಾಡಿಸಿದ್ದು ಅಲ್ಲೇ. ಒಳಗೆ ಹೋದೋರು ಯಾರೂ ಕತ್ತಲು ಅನ್ನಲ್ಲ.”

ಮೈಕಣ್ಣನ ಕೈ ಇನ್ನೂ ಗಾಳಿಯಲ್ಲೇ ಇತ್ತು. ಇಳಿಸಲು ಮರೆತಿತ್ತೋ, ಇಳಿಸಿದರೆ ಎಲ್ಲಿಡುವುದೆಂದು ಗೊತ್ತಾಗಲಿಲ್ಲವೋ.

“ನಾನು ಹತ್ತಲಿಲ್ಲ,” ಎಂದ.

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು.

“ನೀಲಿ ಅಂಗಿ ನಾನೇ ನೋಡಿದೆನಲ್ಲ ಭಾವ. ಗೇಟಿಂದ.”

“ಮರಳಿನ ಚೀಲ. ಅದಕ್ಕೆ ನನ್ನ ಅಂಗಿ ಹಾಕಿದ್ವಿ. ಯಾವತ್ತೂ ಅದೇ. ತೂಗುಕುರ್ಚಿಗೂ ಅದೇ. ರಾಟೆಗೂ ನಾನು ಹತ್ತಿಲ್ಲ.”

“ಚೀಲ ಸರಿಯಾಗಿ ಬಂತಾ?”

ಇದೊಂದನ್ನು ಅವನು ಕೇಳದಿದ್ದರೆ ಆಗಿತ್ತು. ಮೈಕಣ್ಣ ಕಿಟಕಿಯನ್ನು ನೋಡಿದ, ಬಟ್ಟಲಿನ ನೀರನ್ನು ನೋಡಿದ. ನೊರೆ ಒಡೆದು ನೀರಿನ ಮೇಲೆ ಕೂದಲು ತೇಲುತ್ತಿತ್ತು.

“ಚೀಲ ಬಂತು. ಹರಿದಿರ್ಲಿಲ್ಲ. ತಲೆ ಇರ್ಲಿಲ್ಲ. ಚೆಂಡು ಕಟ್ಟಿದ್ವಿ ತಲೆ ಅಂತ. ಅದು ಒಳಗೇ ಉಳೀತು. ಆಮೇಲೆ ಅದೊಂದೇ ಬಂತು, ನೀರಲ್ಲಿ ಉರುಳಿಕೊಂಡು. ನಾವು ನಕ್ವಿ. ವೆಲ್ಡಿಂಗಿನವನು ಗಟ್ಟಿಯಾಗಿ ಕಟ್ಟಿರ್ಲಿಲ್ಲ ಅಂದ. ಧಣಿ ಚೀಲ ಹರಿದಿಲ್ಲ ಅಂದ್ರೆ ಪಾಸು ಅಂದ. ನಾನೂ ನಕ್ಕೆ.”

ಬಾಮೈದ ಕಣ್ಣು ಮುಚ್ಚಿದ. ಮುಚ್ಚಿದ ರೆಪ್ಪೆಯ ಹಿಂದೆ ಗುಡ್ಡೆಗಳು ಎತ್ತಲೋ ಜಾರುತ್ತ ಹೋಗಿ ಒಂದು ಕಡೆ ನಿಂತವು.

“ಹಾಗಾದ್ರೆ ಎಡಕ್ಕೆ ವಾಲಿಸಿದ್ರೂ…”

“ಹೂಂ.”

“ಬಲಕ್ಕೆ ವಾಲಿಸಿದ್ರೂ…”

“ಹೂಂ ಕಣೋ.”

ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ, ಎರಡು ಲೋಟದ ಚಹಾದ ಮೇಲೆ ಕೆನೆ ಕಟ್ಟಿತ್ತು. ಗಂಡನ ಮುಖ ನೋಡಲಿಲ್ಲ. ಲೋಟಗಳನ್ನು ಕಿಟಕಿಯ ಅಂಚಿಗಿಟ್ಟಳು. ತಮ್ಮನ ಹೊದಿಕೆಯ ಒಂದು ಮೂಲೆ ಜಾರಿತ್ತು, ಸರಿಪಡಿಸಿದಳು. ಕೈಯನ್ನು ಸೀರೆಗೆ ಒರೆಸಿಕೊಂಡು ಹೊಸ್ತಿಲಾಚೆಯ ಚಪ್ಪಲಿಗೆ ಕಾಲು ಹಾಕಿದಳು.

“ಎಲ್ಲಿಗೆ?” ಎಂದ ಮೈಕಣ್ಣ. “ಹೋಗಿ ಏನು ಹೇಳ್ತೀಯ? ಯಾರೂ ನಂಬಲ್ಲ ಕಣೇ. ಇದೂ ಆಟ ಅಂತಾರೆ. ನಗ್ತಾರೆ.”

“ನನ್ನ ಗಂಡ ಸುಳ್ಳ ಅಂತ ಹೇಳ್ತೀನಿ,” ಎಂದಳು. “ಅದನ್ನಾದ್ರೂ ನಂಬ್ತಾರೆ.”

ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದು ಇಳಿಯಿತು, ರಸ್ತೆಗೆ ಸೇರಿತು, ಕೇಳಿಸದಾಯಿತು. ಟೇಪು ಒಂದು ಸುತ್ತು ಮುಗಿಸಿ ಮತ್ತೆ ಮೊದಲಿನಿಂದ ಶುರುವಾಯಿತು: ‘ಮಹನೀಯರೇ, ಮಹಿಳೆಯರೇ…’ ಅದರ ಹಿಂದೆಯೇ ಒಂದು ಕಿರುಚು ಗಾಳಿಯಲ್ಲಿ ತೇಲಿಬಂತು. ಪಾರ್ಕಿನಿಂದ ದಿನವೂ ಬರುವಂಥದ್ದೇ. ಇಷ್ಟು ದೂರಕ್ಕೆ ಅದು ಖುಷಿಯದೋ ಮತ್ತೊಂದೋ ಗೊತ್ತಾಗುವುದಿಲ್ಲ. ಇಬ್ಬರೂ ಉಸಿರು ಹಿಡಿದು ಕಿವಿಗೊಟ್ಟರು. ಅದರ ನಂತರ ಚಪ್ಪಾಳೆಯಂಥ ಸದ್ದೂ ಬಂತು. ಅದರಿಂದಲೂ ಏನೂ ತಿಳಿಯಲಿಲ್ಲ.

“ಇನ್ನೊಂದು ಕೆನ್ನೆ ಉಳಿದಿದೆ ಭಾವ,” ಎಂದ ಬಾಮೈದ, ಕಣ್ಣು ತೆರೆಯದೆ.

ಮೈಕಣ್ಣ ಅಂಗೈಗಳನ್ನು ಅಂಗಿಗೆ ಒರೆಸಿಕೊಂಡ. ಒಂದನ್ನು ಕಿವಿಯ ಕೆಳಗೆ, ಇನ್ನೊಂದನ್ನು ಗದ್ದದಡಿ ಇಟ್ಟ. ಮುಗಿದ ಕೆನ್ನೆಯ ಮೇಲೆ ಉಳಿದ ನೊರೆ ಒಣಗಿ ಬಿಳಿಯ ಹುಡಿಯಾಗಿತ್ತು. ಬಾಮೈದನ ತಲೆಯನ್ನು ಅವನು ಮೆಲ್ಲಗೆ, ಬಹಳ ಮೆಲ್ಲಗೆ, ಕಿಟಕಿಯ ಕಡೆಗೆ ತಿರುಗಿಸತೊಡಗಿದ. ಬಿಸಿಲು ಮೊದಲು ಹಣೆಗೆ ಬಂತು, ಆಮೇಲೆ ಮುಚ್ಚಿದ ರೆಪ್ಪೆಗಳ ಮೇಲೆ.